ಇಂಟರ್‌ವ್ಯೂನಲ್ಲಿ ಆಡಬಾರದ ಮಾತು, ಅದರ ಜಾಗದಲ್ಲಿ ಆಡಬೇಕಾದ ಮಾತು

ಇಂಟರ್‌ವ್ಯೂ ಮುಗಿಸಿ ನೀವು ಹೊರಗೆ ಬಂದ ಮೇಲೆ ಒಳಗೆ ಕೂತವರು ಒಂದು ಫೀಡ್‌ಬ್ಯಾಕ್ ಫಾರಂ ತುಂಬುತ್ತಾರೆ. ದೊಡ್ಡ ಕಂಪನಿಯಲ್ಲಿ ಅದು ಕಂಪ್ಯೂಟರಿನಲ್ಲಿರುತ್ತದೆ, ಸಣ್ಣ ಕಡೆ ನಿಮ್ಮ ರೆಸ್ಯುಮೆಯ ಹಿಂಬದಿಯೇ ಫಾರಂ. ಮುಕ್ಕಾಲು ಗಂಟೆಯ ಮಾತು ಅಲ್ಲಿ ನಾಲ್ಕೈದು ಸಾಲಿಗೆ ಇಳಿಯುತ್ತದೆ: 'ಬೇಸಿಕ್ಸ್ ಗಟ್ಟಿ ಇದೆ', 'ತಾನು ಮಾಡಿದ್ದೇನು ಎಂದು ಹೇಳಲಿಲ್ಲ', 'ಸಂಬಳದ ಬಗ್ಗೆ ಸ್ಪಷ್ಟತೆ ಇಲ್ಲ', 'ಸೇರಿದರೂ ನಿಲ್ಲುವುದು ಅನುಮಾನ'. ಮುಂದಿನ ಸುತ್ತಿನವರ ಕೈಗೆ ಸಿಗುವುದು ಆ ಸಾಲುಗಳು ಮಾತ್ರ. ಆಡಬಾರದ ಮಾತುಗಳಲ್ಲಿ ಒರಟಾದವು ಕಡಿಮೆ. ಹೆಚ್ಚಿನವು ಮರ್ಯಾದೆಯಿಂದ ಆಡಿದವೇ, ಆದರೆ ಫಾರಂಗೆ ಇಳಿಯುವಷ್ಟರಲ್ಲಿ ಅನುಮಾನದ ಸಾಲಾಗಿಬಿಟ್ಟಿರುತ್ತವೆ. ಈ ಬರಹದಲ್ಲಿ ಪ್ರತಿ ಹಂತದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಮಾತಿಗೆ ಅಲ್ಲಿ ಯಾವ ಸಾಲು ಬೀಳುತ್ತದೆ?

ಮುಖ್ಯವಾಗಿ ಬೆಂಗಳೂರಿನ ಐಟಿ ಮತ್ತು ಆಫೀಸ್ ಕೆಲಸಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಕಾರ್ಖಾನೆ ಮತ್ತು ಬ್ಯಾಂಕ್ ಇಂಟರ್‌ವ್ಯೂಗಳ ರೀತಿ ಬೇರೆಯಾಗುವಲ್ಲಿ ಅದನ್ನೂ ಹೇಳಿದ್ದೇವೆ. ಮಾದರಿ ಉತ್ತರಗಳು ಕನ್ನಡದಲ್ಲಿವೆ. ಇಂಗ್ಲಿಷಿನಲ್ಲಿ ಹೇಳುವಾಗಲೂ ವಾಕ್ಯಗಳು ಇಷ್ಟೇ ಚಿಕ್ಕದಾಗಿರಲಿ.

ಹಂತ 1: ಹಿಂದಿನ ದಿನ, ಒಂದು ಹಾಳೆ

ತಪ್ಪು ಮಾತು ಹುಟ್ಟುವುದು ಹೆಚ್ಚಾಗಿ ಆ ಕ್ಷಣದಲ್ಲಿ ಲೆಕ್ಕ ಹಾಕುವಾಗ. ಆದ್ದರಿಂದ ಲೆಕ್ಕವನ್ನು ಮನೆಯಲ್ಲೇ ಮುಗಿಸಿ. ಒಂದು ಹಾಳೆಯಲ್ಲಿ ಆರು ಸಂಗತಿ ಬರೆಯಿರಿ: ನಿಮ್ಮ ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ಅವಧಿ) ಎಷ್ಟು ದಿನ, ಈಗಿನ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಎಷ್ಟು, ಕೈಗೆ ಬರುವುದು ಎಷ್ಟು, ನೀವು ಕೇಳುವ ಮೊತ್ತ, ಪ್ರತಿ ಕಂಪನಿಗೆ ಸೇರಿದ ಮತ್ತು ಬಿಟ್ಟ ದಿನಾಂಕ, ಕೆಲಸವಿಲ್ಲದ ತಿಂಗಳುಗಳಿದ್ದರೆ ಅದರ ಕಾರಣ. ದಿನಾಂಕಗಳನ್ನು ನೆನಪಿನಿಂದ ಬರೆಯಬೇಡಿ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಪೋರ್ಟಲ್‌ನಲ್ಲಿ ನಿಮ್ಮ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಹಾಕಿ ಸರ್ವಿಸ್ ಹಿಸ್ಟರಿ ತೆಗೆದು ನೋಡಿ, ಏಕೆಂದರೆ ಮುಂದೆ ವೆರಿಫಿಕೇಶನ್‌ನವರು ನೋಡುವುದೂ ಅದನ್ನೇ. ಪಿಎಫ್ ಕಟ್ಟದ ಸಣ್ಣ ಸಂಸ್ಥೆಯಲ್ಲಿ ದುಡಿದಿದ್ದರೆ ಅಲ್ಲಿನ ನೇಮಕಾತಿ ಪತ್ರ ಮತ್ತು ರಿಲೀವಿಂಗ್ ಲೆಟರ್ ಹುಡುಕಿಟ್ಟುಕೊಳ್ಳಿ.

ಆಮೇಲೆ ರೆಸ್ಯುಮೆ ತೆಗೆದು ಪ್ರತಿ ಸಾಲಿಗೂ ಮೂರು ಪ್ರಶ್ನೆ ಹಾಕಿಕೊಳ್ಳಿ. ಇದರಲ್ಲಿ ನಾನು ಮಾಡಿದ್ದು ಯಾವುದು? ಹಾಗೇ ಯಾಕೆ ಮಾಡಿದೆ? ಎಲ್ಲಿ ಕೆಟ್ಟಿತು? ಮೂರಕ್ಕೂ ಉತ್ತರವಿಲ್ಲದ ಸಾಲನ್ನು ಅಳಿಸಿ. ಪ್ರಾಜೆಕ್ಟ್ ಸೆಂಟರ್‌ನಲ್ಲಿ ದುಡ್ಡು ಕೊಟ್ಟು ತಂದ ಕೊನೆ ವರ್ಷದ ಪ್ರಾಜೆಕ್ಟ್ ಇದ್ದರೆ ಅದನ್ನು ಬಿಚ್ಚಿ, ಒಂದು ಭಾಗವನ್ನಾದರೂ ಕೈಯಾರೆ ಮತ್ತೆ ಬರೆದು ನೋಡಿ. ಅಂಥ ಪ್ರಾಜೆಕ್ಟ್‌ಗಳ ಶೀರ್ಷಿಕೆಗಳು ಇಂಟರ್‌ವ್ಯೂ ಮಾಡುವವರಿಗೆ ಬಾಯಿಪಾಠವಾಗಿರುತ್ತವೆ.

ಕೊನೆಗೆ ಮೊಬೈಲ್‌ನಲ್ಲಿ ನಿಮ್ಮ ಪರಿಚಯವನ್ನು ರೆಕಾರ್ಡ್ ಮಾಡಿ ಕೇಳಿ. 'ಆ್ಯಕ್ಚುವಲಿ', 'ಬೇಸಿಕಲಿ', 'ಅದು ಏನಂದ್ರೆ' ಎಷ್ಟು ಸಲ ಬಂತೆಂದು ಬೆರಳು ಮಡಿಚಿ ಎಣಿಸಿ. ಎರಡನೇ ಸಲ ಆ ಜಾಗಗಳಲ್ಲಿ ಸುಮ್ಮನೆ ಉಸಿರು ತೆಗೆದುಕೊಳ್ಳಿ.

ಹಂತ 2: ಮೊದಲ ಎರಡು ನಿಮಿಷ

'ನಿಮ್ಮ ಬಗ್ಗೆ ಹೇಳಿ' ಎಂದಾಗ 'ಮೈಸೆಲ್ಫ್ ಮಂಜುನಾಥ್' ಎಂದು ಶುರು ಮಾಡುವುದು ಕಾಲೇಜಿನಿಂದ ಕಾಲೇಜಿಗೆ ದಾಟಿ ಬಂದ ಪಾಠ. ಅದರ ವ್ಯಾಕರಣದ ತಪ್ಪಿಗಿಂತ ಅದರ ಹಿಂದೆ ಬರುವ ಪಟ್ಟಿಯದೇ ತೊಂದರೆ: ಅಪ್ಪ ರೈತರು, ಅಮ್ಮ ಗೃಹಿಣಿ, ತಂಗಿ ಪಿಯುಸಿ, ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು, ಹವ್ಯಾಸ ಕ್ರಿಕೆಟ್. ಎರಡು ನಿಮಿಷ ಕಳೆದರೂ ಕೆಲಸಕ್ಕೆ ಸಂಬಂಧಿಸಿದ ಒಂದು ಮಾತೂ ಬಂದಿರುವುದಿಲ್ಲ. 'ನಾನು ಹಾರ್ಡ್ ವರ್ಕರ್, ಕ್ವಿಕ್ ಲರ್ನರ್, ಟೀಮ್ ಪ್ಲೇಯರ್' ಎಂಬುದನ್ನೂ ಬಿಡಿ. ಹಿಂದೆ ಬಂದವರೂ ಅದನ್ನೇ ಹೇಳಿ ಹೋಗಿರುತ್ತಾರೆ, ಅದಕ್ಕೆ ಯಾವ ಸಾಲೂ ಬೀಳುವುದಿಲ್ಲ.

90 ಸೆಕೆಂಡಿನ ಒಳಗೆ ನಾಲ್ಕು ಸಂಗತಿ ಸಾಕು: ಈಗ ಏನು ಮಾಡುತ್ತಿದ್ದೀರಿ, ಅದಕ್ಕೂ ಮೊದಲು ಏನು, ಸಂಖ್ಯೆ ಕೊಟ್ಟು ಹೇಳಬಹುದಾದ ಒಂದು ಕೆಲಸ, ಈ ಹುದ್ದೆಗೆ ಯಾಕೆ ಬಂದಿರಿ. ಉದಾಹರಣೆಗೆ: 'ಎರಡು ವರ್ಷದಿಂದ ಒಂದು ಲಾಜಿಸ್ಟಿಕ್ಸ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡ್ತಿದ್ದೀನಿ. ಮೊದಲ ಆರು ತಿಂಗಳು ಮ್ಯಾನ್ಯುಯಲ್. ಆಮೇಲೆ ಬಿಲ್ಲಿಂಗ್ ಭಾಗದ 120 ಟೆಸ್ಟ್ ಕೇಸ್ ಆಟೊಮೇಟ್ ಮಾಡಿದೆ, ಎರಡು ದಿನ ಹಿಡೀತಿದ್ದ ಪರೀಕ್ಷೆ ಈಗ ಮೂರು ಗಂಟೆಗೆ ಮುಗಿಯುತ್ತೆ. ನಿಮ್ಮಲ್ಲಿ ಎಪಿಐ ಟೆಸ್ಟಿಂಗ್ ಇದೆ ಅಂತ ನೋಡಿದೆ, ಅದಕ್ಕೆ ಅರ್ಜಿ ಹಾಕಿದೆ.' ಅಪ್ಪ ಅಮ್ಮನ ಬಗ್ಗೆ ಕೇಳಿದರೆ ಖಂಡಿತ ಹೇಳಿ. ಕೇಳದೆ ಅಲ್ಲಿಂದ ಶುರು ಮಾಡಬೇಡಿ.

ತಡವಾಗಿ ಹೋದರೆ 'ಟ್ರಾಫಿಕ್ ಇತ್ತು ಸರ್' ಎನ್ನಬೇಡಿ. ಎದುರಿಗೆ ಕೂತವರೂ ಅದೇ ಸಿಲ್ಕ್ ಬೋರ್ಡ್ ದಾಟಿ ಬಂದವರು. ತಡವಾಗುತ್ತದೆ ಎಂದು ಗೊತ್ತಾದ ಕೂಡಲೇ, ಹೇಳಿದ ಸಮಯಕ್ಕೆ 20 ನಿಮಿಷ ಮುಂಚೆಯೇ ಎಚ್ಆರ್‌ಗೆ ಫೋನ್ ಮಾಡಿ ಎಷ್ಟು ಹೊತ್ತಿಗೆ ತಲುಪುತ್ತೀರೆಂದು ಹೇಳಿ. ಒಳಗೆ ಹೋದ ಮೇಲೆ 'ತಡವಾಯ್ತು, ಕ್ಷಮಿಸಿ' ಸಾಕು, ಕತೆ ಬೇಡ.

ಹಂತ 3: ನಮ್ಮ ಸಂಕೋಚದ ಮಾತುಗಳು

ಕನ್ನಡದವರು ಸೋಲುವ ಜಾಗ ಬಹುಶಃ ಇದೇ ಹೆಚ್ಚು, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಕಲಿತು ಬೆಳೆದವರು ನಾವು. ಮದುವೆ ಮನೆಯಲ್ಲಿ 'ಏನೋ ಒಂದಿಷ್ಟು ಹಾಡ್ತಾಳೆ' ಎಂದರೆ ಹುಡುಗಿ ಚೆನ್ನಾಗಿ ಹಾಡುತ್ತಾಳೆಂದು ಎಲ್ಲರಿಗೂ ತಿಳಿಯುತ್ತದೆ. ಇಂಟರ್‌ವ್ಯೂ ಕೋಣೆಯಲ್ಲಿ ಆ ಒಳ ಅರ್ಥ ತಿಳಿಯುವವರಿಲ್ಲ.

'ಪೈಥಾನ್ ಬರುತ್ತಾ?' ಎಂದರೆ 'ಸ್ವಲ್ಪ ಸ್ವಲ್ಪ ಬರುತ್ತೆ ಸರ್'. ಫಾರಂನಲ್ಲಿ: 'ಪೈಥಾನ್ ಬರುವುದಿಲ್ಲ'. ಬದಲಿಗೆ ಅಳತೆ ಕೊಡಿ: 'ಎಂಟು ತಿಂಗಳಿಂದ ದಿನಾ ಬಳಸ್ತಿದ್ದೀನಿ. ಡೇಟಾ ಕ್ಲೀನ್ ಮಾಡುವ ಸ್ಕ್ರಿಪ್ಟ್‌ಗಳನ್ನು ಸ್ವಂತವಾಗಿ ಬರೀತೀನಿ. ವೆಬ್ ಫ್ರೇಮ್‌ವರ್ಕ್ ಮುಟ್ಟಿಲ್ಲ.' ಇದರಲ್ಲಿ ಜಂಬವೂ ಇಲ್ಲ, ಸುಳ್ಳೂ ಇಲ್ಲ.

'ಪ್ರಯತ್ನ ಮಾಡ್ತೀನಿ', 'ನೋಡೋಣ ಸರ್', 'ಅಡ್ಜಸ್ಟ್ ಮಾಡ್ಕೋತೀನಿ', 'ನೀವು ಹೇಗೆ ಹೇಳ್ತೀರೋ ಹಾಗೆ': ಈ ನಾಲ್ಕೂ ಒಂದೇ ಗುಂಪು. ನೈಟ್ ಶಿಫ್ಟ್ ಆಗುತ್ತಾ ಎಂದಾಗ 'ಅಡ್ಜಸ್ಟ್ ಮಾಡ್ಕೋತೀನಿ' ಎಂದರೆ ಕೇಳಿದವರಿಗೆ ಹೌದೋ ಇಲ್ಲವೋ ತಿಳಿಯದು. ಹೌದಾದರೆ ಹೌದೆನ್ನಿ. ಷರತ್ತಿದ್ದರೆ ಷರತ್ತು ಹೇಳಿ: 'ಆಗುತ್ತೆ, ಆದರೆ ಕ್ಯಾಬ್ ಇರಬೇಕು, ನಾನಿರೋದು ಕೆಂಗೇರಿ.' ಆಗದಿದ್ದರೆ ಅಲ್ಲೇ ಹೇಳಿಬಿಡುವುದು ಇಬ್ಬರಿಗೂ ಕ್ಷೇಮ. ಸೇರಿ ಎರಡನೇ ವಾರ ಹೇಳಿದರೆ ಜಗಳವಾಗುತ್ತದೆ.

ಮೂರನೆಯದು 'ನಾವು'. 'ನಾವು ಮೈಗ್ರೇಶನ್ ಮಾಡಿದ್ವಿ, ನಮ್ಮ ಟೀಮ್ ಡ್ಯಾಶ್‌ಬೋರ್ಡ್ ಕಟ್ತು.' ವಿನಯದಿಂದ ಬಂದ ಬಹುವಚನ, ಸರಿ. ಆದರೆ ಇಂಟರ್‌ವ್ಯೂ ಮಾಡುವವರಿಗೆ ಆ ಟೀಮನ್ನು ಕೆಲಸಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ, ನಿಮ್ಮ ಭಾಗ ಯಾವುದೆಂದು ಗೊತ್ತಾಗಬೇಕು. 'ಟೀಮ್‌ನಲ್ಲಿ ಆರು ಜನ ಇದ್ವಿ. ಹಳೇ ಡೇಟಾ ಹೊಸ ಟೇಬಲ್‌ಗೆ ಸರಿಯಾಗಿ ಬಂತಾ ಅಂತ ಪರೀಕ್ಷಿಸೋ ಸ್ಕ್ರಿಪ್ಟ್ ನಂದು' ಎಂದರೆ ಟೀಮಿಗೂ ನ್ಯಾಯ, ನಿಮಗೂ ನ್ಯಾಯ.

ಇದರ ಇನ್ನೊಂದು ತುದಿ ಅಂಗಲಾಚುವುದು. 'ಹೇಗಾದ್ರೂ ಮಾಡಿ ಕೆಲ್ಸ ಕೊಡಿ ಸರ್, ಮನೆ ಕಡೆ ತುಂಬಾ ಕಷ್ಟ' ಎಂದಾಗ ಎದುರಿಗಿದ್ದವರ ಮನಸ್ಸು ಕರಗಬಹುದು, ಆದರೆ ಫಾರಂನಲ್ಲಿ ಮನಸ್ಸಿಗೆ ಕಾಲಂ ಇಲ್ಲ. 'ನಮ್ಮ ಮಾವ ಇಲ್ಲೇ ಮ್ಯಾನೇಜರ್' ಎಂಬುದೂ ಬೇಡ. ಪರಿಚಯದವರಿದ್ದರೆ ಕಂಪನಿಯ ರೆಫರಲ್ ದಾರಿಯಲ್ಲಿ ಮುಂಚೆಯೇ ಹಾಕಿಸಿ, ಕೋಣೆಯಲ್ಲಿ ಅವರ ಹೆಸರು ಎತ್ತಬೇಡಿ.

ಹಂತ 4: ಕೆಲಸದ ಪ್ರಶ್ನೆಗಳು

ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ' ಎನ್ನುವುದು ತಪ್ಪಲ್ಲ. ಅಷ್ಟಕ್ಕೇ ಬಾಯಿ ಮುಚ್ಚುವುದು ತಪ್ಪು, ಗೊತ್ತಿದ್ದವರಂತೆ ಎಳೆಯುವುದು ಇನ್ನೂ ದೊಡ್ಡ ತಪ್ಪು. ಗೊತ್ತಿರುವ ಗಡಿಯವರೆಗೆ ಹೋಗಿ, ಗಡಿ ಇಲ್ಲಿದೆ ಎಂದು ತೋರಿಸಿ. ಡೇಟಾಬೇಸ್ ಇಂಡೆಕ್ಸ್ ಬಗ್ಗೆ ಕೇಳಿದರೆ: 'ಇಂಡೆಕ್ಸ್ ಹಾಕಿದ್ರೆ ಹುಡುಕೋದು ವೇಗ ಆಗುತ್ತೆ, ಬರೆಯೋದು ಸ್ವಲ್ಪ ನಿಧಾನ ಆಗುತ್ತೆ, ಜಾಗ ಹೆಚ್ಚು ಹಿಡಿಯುತ್ತೆ. ಕ್ಲಸ್ಟರ್ಡ್ ಇಂಡೆಕ್ಸ್ ಒಳಗೆ ಹೇಗೆ ಜೋಡಿಸುತ್ತೆ ಅನ್ನೋದು ನನಗೆ ಸರಿಯಾಗಿ ಗೊತ್ತಿಲ್ಲ.' ಇದಕ್ಕೆ ಬೀಳುವುದು ಬಹುಪಾಲು ಒಳ್ಳೆಯ ಸಾಲೇ.

ಐಟಿಐ, ಡಿಪ್ಲೊಮಾ ಮುಗಿಸಿ ಪೀಣ್ಯ, ಬಿಡದಿ ಕಡೆಯ ಕಾರ್ಖಾನೆಗೆ ಹೋಗುವವರಿಗೂ ಇದೇ ಮಾತು. 'ಎಲ್ಲಾ ಮೆಷಿನ್ ಓಡಿಸ್ತೀನಿ' ಎಂದು ಶುರು ಮಾಡಿದರೆ ಮೇಜಿನ ಮೇಲಿರುವ ವರ್ನಿಯರ್ ಕೈಗೆ ಕೊಟ್ಟು ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಸಣ್ಣ ಅಳತೆ) ಕೇಳುತ್ತಾರೆ. ಸಾಮಾನ್ಯ ವರ್ನಿಯರ್‌ಗೆ 0.02 ಮಿ.ಮೀ., ಮೈಕ್ರೊಮೀಟರ್‌ಗೆ 0.01 ಮಿ.ಮೀ. ಅದು ತಪ್ಪಿದರೆ ಮುಂದಿನ ಮಾತನ್ನು ಯಾರೂ ನಂಬುವುದಿಲ್ಲ. ಓಡಿಸಿದ ಮೆಷಿನ್, ಕೊಯ್ದ ಲೋಹ, ಹಿಡಿದ ಟಾಲರೆನ್ಸ್, ಈ ಮೂರನ್ನು ಹೇಳಿ: 'ಲೇತ್‌ನಲ್ಲಿ ಎಂಟು ತಿಂಗಳು, ಮೈಲ್ಡ್ ಸ್ಟೀಲ್ ಶಾಫ್ಟ್, 0.05 ಒಳಗೆ.'

ವಿಡಿಯೊ ಇಂಟರ್‌ವ್ಯೂನಲ್ಲಿ ಬೇರೊಂದು ಮಾತು ಹಬ್ಬಿದೆ: ಕಠಿಣ ಪ್ರಶ್ನೆ ಬಂದ ಕೂಡಲೇ 'ಸರ್, ವಾಯ್ಸ್ ಬ್ರೇಕ್ ಆಗ್ತಿದೆ'. ಪ್ರಶ್ನೆಯನ್ನು ಪೂರ್ತಿ ಮತ್ತೆ ಓದಿ ಹೇಳುವುದು, ಹತ್ತು ಸೆಕೆಂಡ್ ಮೌನ, ಕಣ್ಣು ಎಡದಿಂದ ಬಲಕ್ಕೆ ಓಡುವುದು, ಆಮೇಲೆ ಪುಸ್ತಕದ ಭಾಷೆಯ ಉತ್ತರ. ಎಐ ನೋಡಿ ಓದುತ್ತಿದ್ದಾರೆಂದು ಪತ್ತೆಹಚ್ಚಲು ಇಷ್ಟು ಸಾಕು, 'ಇದಕ್ಕೆ ನಿಮ್ಮ ಕೆಲಸದಿಂದ ಒಂದು ಉದಾಹರಣೆ ಕೊಡಿ' ಎಂದರೆ ಮುಗಿಯಿತು. ಯೋಚಿಸಲು ಸಮಯ ಬೇಕಿದ್ದರೆ 'ಅರ್ಧ ನಿಮಿಷ ಕೊಡಿ' ಎಂದೇ ಕೇಳಿ. ಕೊಡುತ್ತಾರೆ.

ಹಂತ 5: ಯಾಕೆ ಬಿಡುತ್ತಿದ್ದೀರಿ, ನಡುವೆ ಏನು ಮಾಡುತ್ತಿದ್ದಿರಿ

ಹಳೆಯ ಮ್ಯಾನೇಜರನ್ನು ಬೈಯಬೇಡಿ, ಅವರು ನಿಜಕ್ಕೂ ಕೆಟ್ಟವರಾಗಿದ್ದರೂ. 'ಅಲ್ಲಿ ಪಾಲಿಟಿಕ್ಸ್ ಜಾಸ್ತಿ' ಎಂದರೆ ಕೇಳುವವರು ತಮ್ಮನ್ನೇ ಆ ಮ್ಯಾನೇಜರ್ ಕುರ್ಚಿಯಲ್ಲಿ ಕೂರಿಸಿಕೊಂಡು ನೋಡುತ್ತಾರೆ. ಕೆಲಸದ ವಿಷಯವಾಗಿಯೇ ಕಾರಣ ಹೇಳಿ: 'ಮೂರು ವರ್ಷದಿಂದ ಸಪೋರ್ಟ್‌ನಲ್ಲಿದ್ದೀನಿ, ಡೆವಲಪ್‌ಮೆಂಟ್‌ಗೆ ಬದಲಾಯಿಸಿ ಅಂತ ಎರಡು ಸಲ ಕೇಳಿದೆ, ಅಲ್ಲಿ ಜಾಗ ಇರಲಿಲ್ಲ.' ಸಂಬಳವೇ ಕಾರಣವಾದರೆ ಅದನ್ನು ಒಪ್ಪಿಕೊಳ್ಳಬಹುದು, ಆದರೆ ಎರಡನೇ ಕಾರಣವಾಗಿ. ಲೇಆಫ್ ಆಗಿದ್ದರೆ ಲೇಆಫ್ ಎಂದೇ ಹೇಳಿ, ಯಾವ ತಿಂಗಳು ಎಂದೂ ಹೇಳಿ. ಅದನ್ನು ಮುಚ್ಚಿಡಲು ಹೋಗಿ ದಿನಾಂಕ ತಪ್ಪಿದರೆ ಲೇಆಫ್‌ಗಿಂತ ದೊಡ್ಡ ತೊಂದರೆ.

ಕೆಲಸವಿಲ್ಲದ ತಿಂಗಳುಗಳಿಗೆ ಮೂರು ವಾಕ್ಯ ಸಾಕು: ಕಾರಣ, ಆಗ ಮಾಡಿದ್ದು, ಈಗ ಅದು ಮುಗಿದಿದೆ ಎಂಬುದು. ಮೂರನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮ್ ಮಾಡಿಕೊಂಡು ಎರಡು ವರ್ಷ ಕೆಎಎಸ್‌ಗೆ ಓದಿದವರು 'ಸರ್ಕಾರಿ ಪರೀಕ್ಷೆಗೆ ಓದ್ತಿದ್ದೆ' ಎಂದು ನಿಲ್ಲಿಸಿದರೆ, ಮುಂದಿನ ನೋಟಿಫಿಕೇಶನ್ ಬಂದಾಗ ಇವರು ಹೊರಡುತ್ತಾರೆ ಎಂಬ ಸಾಲೇ ಬೀಳುವುದು. 'ಎರಡು ಸಲ ಬರೆದೆ, ಆಗಲಿಲ್ಲ, ನಿಲ್ಲಿಸಿದೆ. ನಾಲ್ಕು ತಿಂಗಳಿಂದ ಅಕೌಂಟಿಂಗ್ ಕೋರ್ಸ್ ಮಾಡ್ತಿದ್ದೀನಿ' ಎಂದು ಬಾಗಿಲು ಮುಚ್ಚಿ ತೋರಿಸಿ. ಇನ್ನೂ ಬರೆಯುವ ಯೋಚನೆ ಇದ್ದರೆ ನಿಲ್ಲಿಸಿದೆ ಎಂದು ಸುಳ್ಳು ಹೇಳಬೇಡಿ, ಕಚೇರಿ ಸಮಯದ ಆಚೆಗೆ ಓದುತ್ತೇನೆ ಎನ್ನಿ.

ಖಾಲಿ ತಿಂಗಳು ತುಂಬಿಸಲು ಕನ್ಸಲ್ಟೆನ್ಸಿಗಳಿಂದ ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಳ್ಳುವವರಿದ್ದಾರೆ. ಹಿನ್ನೆಲೆ ಪರಿಶೀಲನೆ ಎಷ್ಟೋ ಸಲ ಕೆಲಸಕ್ಕೆ ಸೇರಿದ ಮೇಲೆ ಮುಗಿಯುತ್ತದೆ. ಆಗ ಸಿಕ್ಕಿಬಿದ್ದರೆ ಹೊಸ ಕೆಲಸವೂ ಹೋಗುತ್ತದೆ, ಹಳೆಯದನ್ನು ಬಿಟ್ಟಾಗಿರುತ್ತದೆ.

ಹಂತ 6: ಸಂಬಳ

ಇಲ್ಲಿ ಆಡಬಾರದ ಮೊದಲ ಮಾತು 'ಕಂಪನಿ ರೂಲ್ಸ್ ಪ್ರಕಾರ ಎಷ್ಟು ಕೊಟ್ರೂ ಸರಿ'. ಎರಡನೆಯದು 'ಕೈಗೆ 50 ಸಾವಿರ ಬಂದ್ರೆ ಸಾಕು, ಅಂದ್ರೆ 6 ಲಕ್ಷ'. 50 ಸಾವಿರವನ್ನು 12ರಿಂದ ಗುಣಿಸಿದರೆ 6 ಲಕ್ಷ ಹೌದು. ಆದರೆ 6 ಲಕ್ಷ ಸಿಟಿಸಿಗೆ ಕೈಗೆ 50 ಸಾವಿರ ಬರುವುದಿಲ್ಲ. ಒಂದು ಲೆಕ್ಕ ನೋಡಿ.

ಸಿಟಿಸಿ 6,00,000 ರೂ. ಬೇಸಿಕ್ ಅದರ ಅರ್ಧ, ಅಂದರೆ ತಿಂಗಳಿಗೆ 25,000. ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ ಶೇ. 12, ವರ್ಷಕ್ಕೆ 36,000. ಗ್ರಾಚ್ಯುಟಿಗೆ ಬೇಸಿಕ್‌ನ ಶೇ. 4.81, ವರ್ಷಕ್ಕೆ 14,430. ವೇರಿಯಬಲ್ (ಕೆಲಸ ನೋಡಿ ಕೊಡುವ, ತಿಂಗಳ ಸಂಬಳದಲ್ಲಿ ಬರದ ಭಾಗ) ಶೇ. 10 ಎಂದಿಟ್ಟುಕೊಂಡರೆ 60,000. ಇವನ್ನೆಲ್ಲ ಕಳೆದರೆ ಉಳಿಯುವುದು 4,89,570, ತಿಂಗಳಿಗೆ 40,797. ಇದರಲ್ಲಿ ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಹೋದರೆ ಕೈಗೆ ಬರುವುದು ಸುಮಾರು 37,600. ಕೆಲವು ಕಂಪನಿಗಳು ಪಿಎಫ್ ಅನ್ನು ತಿಂಗಳಿಗೆ 1,800 ರೂಪಾಯಿಗೆ ನಿಲ್ಲಿಸುತ್ತವೆ, ಕೆಲವು ಇನ್ಶೂರೆನ್ಸ್ ಕಂತನ್ನೂ ಸಿಟಿಸಿಗೆ ಸೇರಿಸುತ್ತವೆ. ಅಂಕಿ ಬದಲಾದರೂ ರೀತಿ ಇದೇ. ಬೆಂಗಳೂರಿನ ಪಿಜಿ ಬಾಡಿಗೆ, ಊರಿಗೆ ಕಳಿಸುವ ಹಣ ಎಲ್ಲ ಈ ಕೊನೆಯ ಅಂಕಿಯಿಂದ ಹೋಗಬೇಕು. ಆದ್ದರಿಂದ ಕೈಗೆ ಬೇಕಾದ ಮೊತ್ತದಿಂದ ಹಿಂದಕ್ಕೆ ಸಿಟಿಸಿವರೆಗೆ ಮನೆಯಲ್ಲೇ ಲೆಕ್ಕ ಹಾಕಿ.

ಎಚ್ಆರ್ ಕೇಳುವವರೆಗೆ ಸಂಬಳದ ಮಾತು ಎತ್ತಬೇಡಿ, ಟೆಕ್ನಿಕಲ್ ಸುತ್ತಿನವರಿಗೆ ಅದರಲ್ಲಿ ಅಧಿಕಾರವೂ ಇರುವುದಿಲ್ಲ. ಕೇಳಿದಾಗ ಒಂದು ಅಂಕಿ, ಒಂದು ಕಾರಣ, ಒಂದು ಪ್ರಶ್ನೆ: 'ನಿಗದಿತ ಭಾಗವೇ 7.5 ಲಕ್ಷ ನಿರೀಕ್ಷಿಸ್ತಿದ್ದೀನಿ, ಈಗಿನದು 5.8. ಈ ಕೆಲಸದಲ್ಲಿ ಆಟೊಮೇಶನ್ ಜವಾಬ್ದಾರಿ ಪೂರ್ತಿ ನನ್ನದಾಗುತ್ತೆ. ಈ ಹುದ್ದೆಗೆ ನಿಮ್ಮ ಮಿತಿ ಎಷ್ಟಿದೆ?' '7ರಿಂದ 9' ಎಂದು ಅಂತರ ಕೊಟ್ಟರೆ ಅವರ ಕಿವಿಗೆ ಬೀಳುವುದು 7 ಮಾತ್ರ. ಈಗಿನ ಸಂಬಳವನ್ನು ಏರಿಸಿ ಹೇಳಬೇಡಿ. ಕೊನೆಯ ಮೂರು ತಿಂಗಳ ಪೇಸ್ಲಿಪ್, ಫಾರಂ 16, ಕೆಲವೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಕೇಳುತ್ತಾರೆ. 'ಗೆಳೆಯನಿಗೆ ಅಲ್ಲಿ ಹತ್ತು ಕೊಡ್ತಿದ್ದಾರೆ' ಎಂಬ ಮಾತಿಗೆ ಯಾವ ಬೆಲೆಯೂ ಇಲ್ಲ.

ಫ್ರೆಶರ್‌ಗಳಿಗೆ ಇನ್ನೊಂದು ಮಾತು. ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂಬ ಕರಾರು) ಎಂದ ಕೂಡಲೇ 'ಹಾಗಾದ್ರೆ ಬೇಡ' ಎನ್ನದೆ ಎಷ್ಟು ತಿಂಗಳು, ಎಷ್ಟು ಮೊತ್ತ, ಯಾವ ತರಬೇತಿಗೆ ಎಂದು ಕೇಳಿ. ಮೂಲ ಅಂಕಪಟ್ಟಿ ಅವರ ಬಳಿಯೇ ಇಡಬೇಕು ಎಂದರೆ, ಅಥವಾ ಕೆಲಸಕ್ಕೆ ಡೆಪಾಸಿಟ್ ಕಟ್ಟಿ ಎಂದರೆ ಎದ್ದು ಬನ್ನಿ.

ಹಂತ 7: ನೋಟಿಸ್ ಪೀರಿಯಡ್

90 ದಿನ ಇದ್ದು 'ನಾಳೆಯೇ ಸೇರ್ತೀನಿ' ಎನ್ನಬೇಡಿ. ಎಚ್ಆರ್ ಆ ದಿನಾಂಕ ನಂಬಿ ಬೇರೆಯವರನ್ನು ಬಿಟ್ಟಿರುತ್ತಾರೆ. ನಿಮ್ಮ ನೇಮಕಾತಿ ಪತ್ರದಲ್ಲಿ ಬೈಔಟ್‌ಗೆ (ಉಳಿದ ದಿನಗಳಿಗೆ ಹಣ ಕಟ್ಟಿ ಬೇಗ ಬಿಡುವುದಕ್ಕೆ) ಅವಕಾಶ ಇದೆಯೇ, ಕಡಿತ ಬೇಸಿಕ್ ಮೇಲೋ ಪೂರ್ತಿ ಸಂಬಳದ ಮೇಲೋ ಎಂದು ಓದಿಕೊಂಡು ಹೋಗಿ. 'ಒಪ್ಪಂದದಲ್ಲಿ 90 ದಿನ. ಹ್ಯಾಂಡೊವರ್ ಮುಗಿಸಿ 60ಕ್ಕೆ ಬಿಡಿ ಅಂತ ಕೇಳ್ತೀನಿ, ಒಪ್ಪಿಗೆ ಸಿಕ್ಕ ದಿನ ನಿಮಗೆ ತಿಳಿಸ್ತೀನಿ.' ಕೈಯಲ್ಲಿ ಬೇರೆ ಆಫರ್ ಇದ್ದರೆ ಇದೆ ಎನ್ನಿ. ಇಲ್ಲದ್ದನ್ನು ಹುಟ್ಟಿಸಬೇಡಿ, ಪತ್ರ ತೋರಿಸಿ ಎಂದಾಗ ಮುಖ ಸಪ್ಪಗಾಗುತ್ತದೆ.

ಸಂಜೆ ಹೊತ್ತು ಬೇರೆ ಕಂಪನಿಗೂ ಕೆಲಸ ಮಾಡುವುದನ್ನು ಜಾಣತನವೆಂದು ಹೇಳಿಕೊಳ್ಳುವವರಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ, ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಪತ್ತೆಹಚ್ಚಿ ತೆಗೆದುದಾಗಿ ಬಹಿರಂಗವಾಗಿಯೇ ಹೇಳಿದ್ದರು. ಎರಡು ಕಡೆ ಪಿಎಫ್ ಬಿದ್ದರೆ ಯುಎಎನ್‌ನಲ್ಲಿ ಅದು ಕಾಣುತ್ತದೆ.

ಹಂತ 8: ಮನೆ, ಮದುವೆ, ಭಾಷೆ

ಹೆಣ್ಣುಮಕ್ಕಳಿಗೆ 'ಮದುವೆ ಯಾವಾಗ?' ಎಂಬ ಪ್ರಶ್ನೆ ಈಗಲೂ ಬರುತ್ತದೆ. ಕೇಳಬಾರದ ಪ್ರಶ್ನೆ ಎಂಬುದು ನಮ್ಮ ಅಭಿಪ್ರಾಯ. ಆದರೆ ಮನೆಯ ಮಾತುಕತೆ, ಜಾತಕ, ಹುಡುಗನ ಊರು ಎಲ್ಲ ಬಿಚ್ಚಿಡಬೇಕಿಲ್ಲ. 'ಅದರಿಂದ ಈ ಕೆಲಸಕ್ಕೆ ತೊಂದರೆ ಆಗಲ್ಲ, ಬೆಂಗಳೂರಲ್ಲೇ ಇರ್ತೀನಿ' ಎಂದು ನಿಜವಿದ್ದಷ್ಟು ಹೇಳಿ ಮುಗಿಸಿ. ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ ಎಂದು ಕಾನೂನಿನಲ್ಲೇ ಇದೆ, ಅದನ್ನು ಮೊದಲ ಸುತ್ತಿನಲ್ಲಿ ಕೇಳಿ ತಿಳಿಯುವ ಅಗತ್ಯವಿಲ್ಲ.

ಎದುರಿಗಿದ್ದವರ ಹೆಸರು ನೋಡಿ 'ಕನ್ನಡದವ್ರಾ ಸರ್?' ಎನ್ನುವ ಆಸೆಯನ್ನು ತಡೆದುಕೊಳ್ಳಿ. ಅವರಾಗಿ ಕನ್ನಡಕ್ಕೆ ತಿರುಗಿದರೆ ಧಾರಾಳವಾಗಿ ಮಾತಾಡಿ, ಆದರೆ ಪಕ್ಕದಲ್ಲಿ ಕನ್ನಡ ಬಾರದವರಿದ್ದರೆ ಉತ್ತರದ ಸಾರವನ್ನು ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿ. 'ನಂದು ಕನ್ನಡ ಮೀಡಿಯಂ ಸರ್, ಇಂಗ್ಲಿಷ್ ವೀಕು' ಎಂದು ಮೊದಲೇ ಕ್ಷಮೆ ಕೇಳುವುದು ಬೇಡ. ನಡುವೆ ಪದ ಸಿಗದಿದ್ದರೆ 'ಈ ಒಂದು ವಿಷಯ ಕನ್ನಡದಲ್ಲಿ ಹೇಳಬಹುದಾ?' ಎಂದು ಆಗ ಕೇಳಿದರೆ ಸಾಕು.

ಬ್ಯಾಂಕ್ ಇಂಟರ್‌ವ್ಯೂ ಆದರೆ

ಸರ್ಕಾರಿ ಬ್ಯಾಂಕ್‌ಗಳ ಅಧಿಕಾರಿ ಹುದ್ದೆಗೆ (ಪಿಒ) ನಡೆಯುವ ಐಬಿಪಿಎಸ್ ಸಂದರ್ಶನ 100 ಅಂಕದ್ದು. ಕನಿಷ್ಠ ಶೇ. 40, ಎಸ್‌ಸಿ, ಎಸ್‌ಟಿ, ಒಬಿಸಿ ಮತ್ತು ಅಂಗವಿಕಲರಿಗೆ ಶೇ. 35 ಬೇಕು. ಅಂತಿಮ ಪಟ್ಟಿಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ತೂಕ. 'ಎಂಜಿನಿಯರಿಂಗ್ ಓದಿ ಬ್ಯಾಂಕಿಗೆ ಯಾಕೆ?' ಎಂದಾಗ 'ಜಾಬ್ ಸೆಕ್ಯುರಿಟಿ' ಎನ್ನುವುದು, 'ನಮ್ಮ ಜಿಲ್ಲೆಯಲ್ಲೇ ಪೋಸ್ಟಿಂಗ್ ಸಿಕ್ಕರೆ' ಎನ್ನುವುದು ಎರಡೂ ಹಾನಿ. ಇದು ದೇಶದ ಯಾವ ಮೂಲೆಗಾದರೂ ವರ್ಗವಾಗುವ ಕೆಲಸ. ಕರಾವಳಿಯವರಾಗಿದ್ದರೆ ಊರಿನ ಬ್ಯಾಂಕ್‌ಗಳ ಬಗ್ಗೆ ಪ್ರಶ್ನೆ ಬರಬಹುದು: ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಅದರಲ್ಲಿ ಸೇರಿತು. ಇದಕ್ಕೆ 'ಓದಿಲ್ಲ ಸರ್' ಎಂದರೆ ಬ್ಯಾಂಕಿನ ಮೇಲಿನ ಆಸಕ್ತಿಯ ಬಗ್ಗೆ ಹೇಳಿದ್ದೆಲ್ಲ ನೀರುಪಾಲು.

ಹಂತ 9: ಕೊನೆಯಲ್ಲಿ, ಮತ್ತು ಬಾಯಿ ತಪ್ಪಿದಾಗ

'ನಿಮ್ಮ ಪ್ರಶ್ನೆ ಏನಾದ್ರೂ?' ಎಂದರೆ 'ಏನಿಲ್ಲ ಸರ್' ಎನ್ನಬೇಡಿ. 'ನಾನು ಸೆಲೆಕ್ಟಾ?' ಎಂದೂ, ಮೊದಲ ಸುತ್ತಿನಲ್ಲೇ 'ವಾರಕ್ಕೆ ಎಷ್ಟು ದಿನ ವರ್ಕ್ ಫ್ರಮ್ ಹೋಮ್?' ಎಂದೂ ಕೇಳಬೇಡಿ. ಮನೆಯಿಂದ ಕೆಲಸ ನಿಮಗೆ ಅನಿವಾರ್ಯವಾದರೆ ಎಚ್ಆರ್ ಮೊದಲ ಸಲ ಫೋನ್ ಮಾಡಿದಾಗಲೇ ಕೇಳಿಬಿಡಿ, ಯಾರ ಸಮಯವೂ ಹಾಳಾಗದು. ಕೋಣೆಯಲ್ಲಿ ಕೇಳಲು ಒಳ್ಳೆಯ ಪ್ರಶ್ನೆ: 'ಸೇರಿದವರು ಮೊದಲ ಮೂರು ತಿಂಗಳಲ್ಲಿ ಏನು ಮುಗಿಸಿರಬೇಕು ಅಂತ ನಿರೀಕ್ಷಿಸ್ತೀರಿ?'

ತಪ್ಪು ಮಾತು ಬಾಯಿಂದ ಬಂದೇಬಿಟ್ಟರೆ ಅದನ್ನು ಹೊತ್ತುಕೊಂಡು ಮುಂದಿನ ಐದು ಪ್ರಶ್ನೆ ಕೆಡಿಸಿಕೊಳ್ಳಬೇಡಿ. ಫಾರಂ ಇನ್ನೂ ತುಂಬಿಲ್ಲ. 'ಸ್ವಲ್ಪ ಮುಂಚೆ ಹೇಳಿದ್ದರಲ್ಲಿ ಒಂದು ತಿದ್ದಬೇಕು' ಎಂದು ಅಲ್ಲೇ ತಿದ್ದಿ. ಹೊರಗೆ ಬಂದ ಮೇಲೆ ನೆನಪಾದರೆ ಅದೇ ದಿನ ಸಂಜೆಯೊಳಗೆ ಎಚ್ಆರ್‌ಗೆ ಮೂರು ಸಾಲಿನ ಇಮೇಲ್ ಹಾಕಿ: ಹೇಳಿದ್ದು ಏನು, ಸರಿಯಾದದ್ದು ಏನು, ಅದಕ್ಕೆ ದಾಖಲೆ ಇದ್ದರೆ ಲಗತ್ತು. ಇದನ್ನು ಮಾಡಬೇಕಾದ್ದು ದಿನಾಂಕ, ಸಂಬಳ, ನೋಟಿಸ್ ಈ ಮೂರಕ್ಕೆ ಮಾತ್ರ. ಇಂಡೆಕ್ಸ್ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಿದ್ದಕ್ಕೆ ರಾತ್ರಿ ಹನ್ನೊಂದಕ್ಕೆ ಎರಡು ಪುಟದ ವಿವರಣೆ ಕಳಿಸುವುದು ಬೇಡ.